ಗೃಹೋಪಯೋಗಿ ವಿಚಾರ: ಅಯಸ್ಕಾಂತದ ಕೀಲಿಮಣೆಯೂ ಎಡಗೈಯ ಕಿರುಬೆರಳೂ

ಕುಂದಲಹಳ್ಳಿಯಲ್ಲಿ ವಾಸವಾಗಿರುವ ಗೃಹಸ್ಥರೊಬ್ಬರು ನಮಗೆ ಕಾಗದ ಬರೆದು, ತಮ್ಮ ಮನೆಯಲ್ಲಿ ಎದ್ದಿರುವ ಒಂದು ಚರ್ಚೆಗೆ ನಮ್ಮ ಅಭಿಪ್ರಾಯವನ್ನು ಅಪೇಕ್ಷಿಸಿರುವರು. ಅವರ ಧರ್ಮಪತ್ನಿಯವರು ಮನೆಯಲ್ಲಿಯೇ ಕುಳಿತು ಮುದ್ರಣಾಲಯಗಳಿಗೆ ಕನ್ನಡ ಹಸ್ತಪ್ರತಿಗಳನ್ನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿಕೊಟ್ಟು, ಸಂಸಾರದ ಖರ್ಚಿಗೆ ತಮ್ಮ ಪಾಲನ್ನು ಸೇರಿಸುತ್ತಿರುವರು. ಕೆಲವು ತಿಂಗಳಿಂದ ಅವರ ಎಡಗೈಯ ಕಿರುಬೆರಳು ನೋಯುತ್ತಿದೆ. ಕೆಲಸವು ಅರ್ಧಕ್ಕೆ ಇಳಿದಿದೆ. ಮಗನು ಹತ್ತಿರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಉದ್ಯೋಗಿ. ರಾತ್ರಿ ಊಟವಾದ ಮೇಲೆ ಅದೇ ಯಂತ್ರದಲ್ಲಿ ಆಟವಾಡುವ ಅಭ್ಯಾಸವುಳ್ಳವನು. “ಅಯಸ್ಕಾಂತದ ಕೀಲಿಮಣೆಯೊಂದನ್ನು ತಂದರೆ ನನ್ನ ಆಟಕ್ಕೂ ಆಯಿತು, ಅಮ್ಮನ ಬೆರಳಿಗೂ ಆಯಿತು” ಎಂದು ಅವನ ವಾದ. ಬೆಲೆಯನ್ನು ಕೇಳಿದ ತಂದೆಯವರಿಗೆ ಮಾತ್ರ ಮನಸ್ಸು ಬಾರದು. ವೈಟ್‌ಫೀಲ್ಡ್ ಕಡೆಯ ಬಡಾವಣೆಗಳಲ್ಲಿ ಕೀಲಿಮಣೆಯಿಲ್ಲದ ಮನೆಯೇ ಅಪೂರ್ವವಾಗಿರುವುದರಿಂದ, ಈ ಉತ್ತರವು ಇತರ ವಾಚಕರಿಗೂ ಉಪಯೋಗವಾದೀತೆಂದು ಇಲ್ಲಿ ಪ್ರಕಟಿಸುತ್ತಿರುವೆವು.

ಮೊದಲು ಯಂತ್ರದ ಗುಣವನ್ನು ತಿಳಿಯುವುದು ಉಚಿತ. ಅಗ್ಗದ ಕೀಲಿಮಣೆಗಳಲ್ಲಿ ಪ್ರತಿ ಕೀಲಿಯ ಕೆಳಗೂ ರಬ್ಬರಿನ ಸಣ್ಣ ಗುಮ್ಮಟವೊಂದಿರುವುದು. ಬೆರಳು ಒತ್ತಿದಾಗ ಅದು ಕುಸಿದು, ಅಡಿಯಲ್ಲಿರುವ ಎರಡು ಹಾಳೆಗಳ ಮೇಲಣ ವಿದ್ಯುತ್ ಗೆರೆಗಳನ್ನು ಕೂಡಿಸುವುದು. ಅದಕ್ಕಿಂತ ಮೇಲ್ತರಗತಿಯವುಗಳಲ್ಲಿ ಪ್ರತಿ ಕೀಲಿಗೂ ಬೇರೆ ಬೇರೆ ಸ್ವಿಚ್ಚು, ಅದರೊಳಗೆ ಸುರುಳಿ, ಲೋಹದ ಎರಡು ತೆಳು ಎಲೆಗಳು. ನಮ್ಮ ಅಂಗಡಿಗಳಲ್ಲಿಯೂ ಕಛೇರಿಗಳಲ್ಲಿಯೂ ಟಕಟಕ ಸದ್ದು ಮಾಡುವ ಟಿ.ವಿ.ಎಸ್. ಗೋಲ್ಡ್ ಎಂಬ ಕೀಲಿಮಣೆಯು ಈ ಜಾತಿಯದು. ಇವುಗಳಲ್ಲಿ ಕೀಲಿಯ ಒಟ್ಟು ಇಳಿತ ಸುಮಾರು 4 ಮಿಲಿಮೀಟರ್. ಅದರ ಅರ್ಧದಷ್ಟು ಇಳಿದಾಗ ಲೋಹಕ್ಕೆ ಲೋಹ ತಾಗಿ ಅಕ್ಷರ ಮೂಡುವುದು. ತಾಗುವ ಸ್ಥಳವನ್ನು ಕಾರ್ಖಾನೆಯವರು ನಿಶ್ಚಯಿಸಿರುವರು. ಅದನ್ನು ಬದಲಾಯಿಸುವ ಅಧಿಕಾರ ಕೊಂಡವರಿಗಿಲ್ಲ.

ಅಯಸ್ಕಾಂತದ ಕೀಲಿಯಲ್ಲಿ ಯಾವುದೂ ಯಾವುದಕ್ಕೂ ತಾಗುವುದಿಲ್ಲ. ಕೀಲಿಯ ಕಂಬದಲ್ಲಿ ಪುಟ್ಟ ಅಯಸ್ಕಾಂತವನ್ನು ಕೂರಿಸಿರುವರು. ಕೆಳಗಿನ ಫಲಕದಲ್ಲಿ ಅದರ ಬಲವನ್ನು ಅಳೆಯುವ ಸಣ್ಣ ಅರೆವಾಹಕವೊಂದಿರುವುದು. ಇದಕ್ಕೆ ಆಧಾರವಾದ ತತ್ತ್ವವು ಹಳೆಯದು. 1879ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ಎಡ್ವಿನ್ ಹಾಲ್ ಎಂಬಾತನು, ತೆಳುವಾದ ಚಿನ್ನದ ರೇಕಿನಲ್ಲಿ ವಿದ್ಯುತ್ತನ್ನು ಹರಿಯಿಸಿ ಅದಕ್ಕೆ ಅಯಸ್ಕಾಂತವನ್ನು ಹಿಡಿದಾಗ, ಪ್ರವಾಹಕ್ಕೆ ಅಡ್ಡಲಾಗಿ ಸ್ವಲ್ಪ ವಿದ್ಯುತ್ ಒತ್ತಡ ಹುಟ್ಟುವುದನ್ನು ಕಂಡನು. ಅಯಸ್ಕಾಂತ ಸಮೀಪಿಸಿದಷ್ಟೂ ಆ ಒತ್ತಡ ಹೆಚ್ಚು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಹನಿವೆಲ್ ಕಂಪನಿಯವರು ಇದನ್ನು ಕೀಲಿಮಣೆಗೆ ಅಳವಡಿಸಿದರು. ಬೆಲೆ ಹೆಚ್ಚಾದುದರಿಂದ ಅದು ಸಾಮಾನ್ಯ ಮನೆಗಳಿಗೆ ಬರಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ನೆದರ್ಲೆಂಡ್ಸ್ ದೇಶದ ವೂಟಿಂಗ್ ಮೊದಲಾದ ಕಂಪನಿಗಳು ಆಟಗಾರರಿಗಾಗಿ ಇದನ್ನು ಮತ್ತೆ ಬಳಕೆಗೆ ತಂದವು.

ಇದರ ವಿಶೇಷವೆಂದರೆ, ಕೀಲಿಯು ಎಷ್ಟು ಇಳಿದಿದೆಯೆಂಬುದನ್ನು ಯಂತ್ರವು ಸದಾ ಅಳೆಯುತ್ತಿರುವುದು. ಆದುದರಿಂದ ಯಾವ ಆಳದಲ್ಲಿ ಅಕ್ಷರ ಮೂಡಬೇಕೆಂಬುದನ್ನು ಒಂದೊಂದು ಕೀಲಿಗೂ ನಾವೇ ಗೊತ್ತುಮಾಡಬಹುದು. ಬೆರಳು ಮೇಲೇಳಲು ಆರಂಭಿಸಿದೊಡನೆಯೇ ಕೀಲಿಯು ಬಿಟ್ಟಿತೆಂದು ತಿಳಿಯುವಂತೆಯೂ ಮಾಡಬಹುದು. ಇದಕ್ಕೆ ರ‍್ಯಾಪಿಡ್ ಟ್ರಿಗರ್ ಎಂದು ಹೆಸರು. ಓಡುತ್ತಿರುವ ಬೊಂಬೆಯನ್ನು ತಟಕ್ಕನೆ ನಿಲ್ಲಿಸಿ ಗುರಿಯಿಡಬೇಕಾದ ಆಟಗಳಲ್ಲಿ ಇದರಿಂದ ನಿಜವಾದ ಲಾಭವುಂಟು. ಆದರೆ ಎದುರುಬದುರಿನ ಎರಡು ಕೀಲಿಗಳಲ್ಲಿ ಯಾವುದನ್ನು ಎಣಿಸಬೇಕೆಂದು ಕೀಲಿಮಣೆಯೇ ನಿರ್ಣಯಿಸುವ ಸೌಕರ್ಯವನ್ನೂ ಕೆಲವರು ಸೇರಿಸಿದಾಗ, ಕೌಂಟರ್ ಸ್ಟ್ರೈಕ್ ಆಟದ ಒಡೆಯರಾದ ವಾಲ್ವ್ ಕಂಪನಿಯವರು 2024ರ ಆಗಸ್ಟಿನಲ್ಲಿ ತಮ್ಮ ಸರ್ವರುಗಳಲ್ಲಿ ಅದನ್ನು ನಿಷೇಧಿಸಿದರು. ಕೈಯ ಕೌಶಲವನ್ನು ಯಂತ್ರಕ್ಕೆ ವಹಿಸುವುದು ಆಟಧರ್ಮವಲ್ಲವೆಂಬುದು ಅದರ ತಾತ್ಪರ್ಯ. ಮಗನು ಈ ಸಂಗತಿಯನ್ನು ಗಮನದಲ್ಲಿಡಲಿ.

ಇನ್ನು ತಾಯಿಯವರ ವಿಚಾರ. ಅವರ ನೋವಿಗೂ ಕನ್ನಡಕ್ಕೂ ಸಂಬಂಧವುಂಟೆಂಬುದು ನಮ್ಮ ಅಭಿಪ್ರಾಯ. ಈಗ ಹೆಚ್ಚು ಬಳಕೆಯಲ್ಲಿರುವ ಕನ್ನಡ ಕೀಲಿ ವಿನ್ಯಾಸವು ಕಿನ್ನಿಕಂಬಳ ಪದ್ಮನಾಭರಾಯರು, ಎಂದರೆ ಶ್ರೀ ಕೆ. ಪಿ. ರಾಯರು, ರೂಪಿಸಿದ ಕ್ರಮವನ್ನು ಆಧರಿಸಿದುದು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯಲ್ಲಿರುವುದೂ ಅಲ್ಪಸ್ವಲ್ಪ ಮಾರ್ಪಾಟಿನೊಡನೆ ಇದೇ. ಇಂಗ್ಲಿಷಿನ 26 ಕೀಲಿಗಳಲ್ಲಿಯೇ ನಮ್ಮ ಸಮಸ್ತ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಅಡಗಿಸಿದುದು ಇದರ ಜಾಣತನ. ಆದರೆ 26 ಕೀಲಿಗಳು ಸಾಲದಾದುದರಿಂದ ಶಿಫ್ಟ್ ಕೀಲಿಯ ಸಹಾಯ ಬೇಕು. ಇಂಗ್ಲಿಷಿನಲ್ಲಿ ಶಿಫ್ಟ್ ಬೇಕಾಗುವುದು ವಾಕ್ಯದ ಮೊದಲಿಗೂ ಹೆಸರುಗಳಿಗೂ ಮುಖ್ಯವಾಗಿ. ಕನ್ನಡದಲ್ಲಿ ಅನುಸ್ವಾರಕ್ಕೆ ಶಿಫ್ಟ್, ಳಕಾರಕ್ಕೆ ಶಿಫ್ಟ್, ಣಕಾರಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ದೀರ್ಘಕ್ಕೆ ಶಿಫ್ಟ್.

ಪತ್ರ ಬರೆದವರ ಊರಿನ ಹೆಸರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ‘ಕುಂದಲಹಳ್ಳಿ’ ಎಂದು ಮೂಡಿಸಲು ಕೆ, ಯು, ಎಂ, ಡಿ, ಎಲ್, ಎಚ್, ಎಲ್, ಎಫ್, ಎಲ್, ಐ ಎಂಬ 10 ಕೀಲಿಗಳನ್ನು ಒತ್ತಬೇಕು. ಇವುಗಳಲ್ಲಿ ಅನುಸ್ವಾರದ ಎಂ, ಳಕಾರದ ಎರಡು ಎಲ್, ಹೀಗೆ ಮೂರಕ್ಕೆ ಶಿಫ್ಟ್ ಬೇಕು. ಆ ಮೂರೂ ಬಲಗೈಯ ಅಕ್ಷರಗಳಾದುದರಿಂದ ಶಿಫ್ಟಿನ ಭಾರವು ಎಡಗೈಯ ಕಿರುಬೆರಳಿಗೆ ಬೀಳುವುದು. ‘ಳ್ಳಿ’ ಎಂಬಲ್ಲಿಯಂತೂ ಕಿರುಬೆರಳು ಶಿಫ್ಟನ್ನು ಹಿಡಿದು, ಬಿಟ್ಟು, ಅದೇ ಕೈಯ ತೋರುಬೆರಳು ಒತ್ತಿಗಾಗಿ ಎಫ್ ಕೀಲಿಯನ್ನು ಒತ್ತಿದ ಮೇಲೆ, ಮರಳಿ ಶಿಫ್ಟನ್ನು ಹಿಡಿಯಬೇಕು. ಹಿಡಿಯುವುದು ತಡವಾದರೆ ಹಳ್ಳಿಯು ಹಲ್ಲಿಯಾಗುವುದು. ಬಿಡುವುದು ತಡವಾದರೆ ಒತ್ತಿಗೆ ಬದಲಾಗಿ ಬೇರೊಂದು ಮೂಡುವುದು. ‘ಕಳೆ’ಯು ‘ಕಲೆ’ಯಾಗುವುದೂ ಹೀಗೆಯೇ. ದಿನಕ್ಕೆ ಹತ್ತಾರು ಪುಟ ಮಾಡುವವರ ಕಿರುಬೆರಳು ದಣಿಯುವುದರಲ್ಲಿ ಆಶ್ಚರ್ಯವೇನು?

ಇಲ್ಲಿ ಅಯಸ್ಕಾಂತದ ಕೀಲಿಯು ಸಹಾಯಮಾಡಬಲ್ಲುದೆ? ಸ್ವಲ್ಪಮಟ್ಟಿಗೆ ಮಾಡಬಲ್ಲುದು. ಶಿಫ್ಟ್ ಕೀಲಿಯೊಂದನ್ನು ಮಾತ್ರ 1 ಮಿಲಿಮೀಟರ್ ಆಳದಲ್ಲಿಯೇ ಹಿಡಿಯುವಂತೆಯೂ ಬೆರಳು ಎದ್ದೊಡನೆ ಬಿಡುವಂತೆಯೂ ಮಾಡಿ, ಉಳಿದ ಅಕ್ಷರಗಳನ್ನು ಎಂದಿನಂತೆ 2 ಮಿಲಿಮೀಟರಿನ ಸುಮಾರಿನಲ್ಲಿಟ್ಟರೆ, ಕಿರುಬೆರಳಿನ ಓಟ ಕಡಿಮೆಯಾಗುವುದು, ತಪ್ಪುಗಳೂ ತಗ್ಗುವುವು. ಆದರೆ ಕೀಲಿಯ ಸುರುಳಿಯ ಬಿಗಿ ಅದರಿಂದ ಸಡಿಲವಾಗದು; ಶಿಫ್ಟನ್ನು ಮುಟ್ಟಲು ಬೆರಳು ಚಾಚಬೇಕಾದ ದೂರವೂ ಕಡಿಮೆಯಾಗದು. ಇದಲ್ಲದೆ, ಮಗನ ಆಟಕ್ಕಾಗಿ ಎಲ್ಲ ಕೀಲಿಗಳನ್ನೂ 0.2 ಮಿಲಿಮೀಟರಿಗೆ ಇಳಿಸಿಟ್ಟು, ಬೆಳಿಗ್ಗೆ ತಾಯಿಯವರು ಅದರ ಮೇಲೆ ಕೈಯಿಟ್ಟರೆ, ಬೆರಳು ಸುಮ್ಮನೆ ವಿಶ್ರಮಿಸಿದರೂ ಅಕ್ಷರಗಳು ಉದುರುವುವು. ‘ಕಲೆ’ ಎನ್ನುವಾಗ ನಡುವೆ ಎಫ್ ತಾಗಿದರೆ ಸಾಕು, ‘ಕ್ಲೆ’ ಆಗಿಹೋಗುವುದು. ಆದುದರಿಂದ ಇಬ್ಬರಿಗೂ ಬೇರೆ ಬೇರೆ ಹೊಂದಿಕೆಗಳನ್ನು ಉಳಿಸಿಟ್ಟು, ಆಟ ಮುಗಿದ ಮೇಲೆ ತಾಯಿಯ ಹೊಂದಿಕೆಗೆ ತಿರುಗಿಸಿ ಮಲಗುವುದು ಮಗನ ಕರ್ತವ್ಯವಾಗತಕ್ಕದ್ದು.

ಹಣ ತೆರುವ ಮೊದಲು, ಹಣವಿಲ್ಲದೆ ಆಗುವ ಉಪಾಯಗಳನ್ನು ಮಾಡಿ ನೋಡಬೇಕೆಂದು ನಮ್ಮ ಸಲಹೆ. ಮೊದಲನೆಯದಾಗಿ, ಶಿಫ್ಟ್ ಕೀಲಿಗಳು ಎರಡುಂಟು. ಎಡಗೈಯ ಅಕ್ಷರಗಳಿಗೆ, ಎಂದರೆ ಆಕಾರ, ಏಕಾರ, ಶ, ಧ, ಥ ಮೊದಲಾದವುಗಳಿಗೆ, ಬಲಗಡೆಯ ಶಿಫ್ಟನ್ನೇ ಉಪಯೋಗಿಸಬೇಕು. ಎಲ್ಲಕ್ಕೂ ಎಡಗಡೆಯದನ್ನೇ ಹಿಡಿಯುವ ಅಭ್ಯಾಸ ಅನೇಕರಲ್ಲಿ ಬೇರೂರಿದೆ. ಆಕಾರವು ನಮ್ಮ ಭಾಷೆಯಲ್ಲಿ ಎಷ್ಟು ಬರುವುದೆಂಬುದನ್ನು ಯೋಚಿಸಿದರೆ ಇದರಿಂದಾಗುವ ಹಾನಿ ತಿಳಿಯುವುದು. ಎರಡನೆಯದಾಗಿ, ಗಣಕಯಂತ್ರದಲ್ಲಿಯೇ ಸ್ಟಿಕ್ಕಿ ಕೀಸ್ ಎಂಬ ಅನುಕೂಲವುಂಟು. ವಿಂಡೋಸಿನಲ್ಲಿ ಶಿಫ್ಟನ್ನು ಐದು ಬಾರಿ ಒತ್ತಿದರೆ, ಬೇಕೆ ಎಂದು ಅದೇ ಕೇಳುವುದು. ಆ ಬಳಿಕ ಶಿಫ್ಟನ್ನು ಹಿಡಿದೇ ಇರಬೇಕಾಗಿಲ್ಲ. ಒಮ್ಮೆ ಮುಟ್ಟಿ ಬಿಟ್ಟು, ಅನಂತರ ಅಕ್ಷರವನ್ನು ಒತ್ತಬಹುದು. ಮೂರನೆಯದಾಗಿ, ಮೊಣಕೈಯು ಮೇಜಿನ ಮಟ್ಟಕ್ಕೆ ಬರುವಂತೆ ಆಸನವನ್ನು ಎತ್ತರಿಸಿ, ಮಣಿಕಟ್ಟನ್ನು ನೇರವಾಗಿಟ್ಟು, ಅರ್ಧ ಗಂಟೆಗೊಮ್ಮೆ ಕೈಗೆ ಬಿಡುವು ಕೊಡಬೇಕು. ಇಷ್ಟರ ಮೇಲೆಯೂ ನೋವು ನಿಲ್ಲದಿದ್ದರೆ, ಅಥವಾ ಬೆರಳು ಜೋಮು ಹಿಡಿದರೆ, ವೈದ್ಯರಿಗೆ ತೋರಿಸುವುದಕ್ಕೆ ತಡಮಾಡಬಾರದು. ಅಲ್ಲಿ ಯಾವ ಅಯಸ್ಕಾಂತವೂ ಔಷಧಿಯಾಗಲಾರದು.

ಕೊಳ್ಳುವುದೇ ನಿಶ್ಚಯವಾದರೆ ಕೆಲವು ಎಚ್ಚರಿಕೆಗಳು. ಇವುಗಳ ಬೆಲೆ ಕೆಲವು ಸಾವಿರ ರೂಪಾಯಿಗಳಿಂದ ಮೊದಲಾಗಿ, ಹೊರದೇಶದ ಹೆಸರಾಂತ ಕೀಲಿಮಣೆಗಳಲ್ಲಿ ಹದಿನೈದು ಸಾವಿರವನ್ನೂ ದಾಟುವುದು. ಪ್ರತಿ ಕೀಲಿಗೂ ಬೇರೆ ಆಳವನ್ನು ಗೊತ್ತುಮಾಡಲು ಸಾಧ್ಯವೆ, ಹೊಂದಿಕೆಗಳು ಕೀಲಿಮಣೆಯಲ್ಲಿಯೇ ಉಳಿಯುವುವೆ ಎಂಬುದನ್ನು ವಿಚಾರಿಸಬೇಕು. ಈ ಎರಡೂ ಇಲ್ಲದಿದ್ದರೆ ತಾಯಿಯವರಿಗೆ ಅದರಿಂದ ಪ್ರಯೋಜನವಿಲ್ಲ. ಒಂದು ಕಂಪನಿಯ ಅಯಸ್ಕಾಂತದ ಸ್ವಿಚ್ಚು ಮತ್ತೊಂದರ ಫಲಕಕ್ಕೆ ಹೊಂದಿಯೇ ತೀರುವುದೆಂದು ಭಾವಿಸಬಾರದು. ಟಿ.ವಿ.ಎಸ್. ಗೋಲ್ಡಿನ ಟಕ್ಕೆನ್ನುವ ಸ್ಪರ್ಶಕ್ಕೆ ಒಗ್ಗಿದ ಕೈಗೆ ಇವು ಹೆಚ್ಚಾಗಿ ಸಪ್ಪೆಯೆನಿಸುವುವು. ಸಾಧ್ಯವಾದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಗೆ ತಾಯಿಯವರನ್ನೇ ಕರೆದುಕೊಂಡು ಹೋಗಿ, ಒಂದು ಪುಟವನ್ನಾದರೂ ಅವರ ಕೈಯಿಂದಲೇ ಒತ್ತಿಸಿ ನೋಡುವುದು ಮೇಲು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಒಂದು ತಿಂಗಳು ಮೇಲಿನ ಉಪಾಯಗಳನ್ನು ತಪ್ಪದೆ ನಡೆಯಿಸಲಿ. ಬೆರಳು ನೆಟ್ಟಗಾದರೆ, ಆಟದ ಕೀಲಿಮಣೆಯನ್ನು ಮಗನು ತನ್ನ ಸಂಬಳದಲ್ಲಿ ಆಟದ ಹೆಸರಿನಲ್ಲಿಯೇ ಕೊಳ್ಳಲಿ. ತಾಯಿಯ ನೋವನ್ನು ಅದಕ್ಕೆ ಸಾಕ್ಷಿಯಾಗಿ ಕರೆಯಬೇಕಾಗಿಲ್ಲ. ಕೆಲಮಟ್ಟಿಗೆ ಮಾತ್ರ ಗುಣವಾದರೆ, ಶಿಫ್ಟನ್ನು ಹಗುರಮಾಡುವ ಈ ಸೌಕರ್ಯಕ್ಕೆ ತಂದೆಯವರೂ ಪಾಲು ಕೊಡುವುದು ನ್ಯಾಯ. ದುಡಿಯುವ ಕೈಗೆ ಬೇಕಾದ ಹತ್ಯಾರಕ್ಕೆ ತೆತ್ತ ಹಣವು ಮನೆಯ ಲೆಕ್ಕದಲ್ಲಿ ದುಂದಿನ ಬಾಬಿಗೆ ಸೇರತಕ್ಕದ್ದಲ್ಲ.