ಭೂಪಟದ ಜರಡಿ ಮತ್ತು ಅಂಕಿಯ ಪ್ರಾಮಾಣ್ಯ

ಯಾವ ಅಳತೆಯನ್ನು ಹೇಳುವಾಗಲೂ ಅದರ ಮಾನವನ್ನೂ ಅಳೆದ ಕ್ರಮವನ್ನೂ ಜೊತೆಗೆ ಹೇಳಬೇಕೆಂಬುದು ಭೌತವಿಜ್ಞಾನದ ವಿದ್ಯಾರ್ಥಿಗೆ ನಾವು ಕಲಿಸುವ ಮೊದಲ ಪಾಠ. ಬರಿಯ ‘ಹನ್ನೆರಡು’ ಎಂಬ ಉತ್ತರಕ್ಕೆ ಪ್ರಯೋಗಶಾಲೆಯಲ್ಲಿ ಬೆಲೆಯಿಲ್ಲ. ಆದರೆ ಗಣಕಯಂತ್ರದ ಭೂಪಟದಿಂದ ಎಣಿಸಿ ತೆಗೆದ ಸಂಖ್ಯೆಗಳ ವಿಷಯದಲ್ಲಿ ಈ ನಿಯಮವನ್ನು ನಾವು ಮರೆಯುತ್ತಿದ್ದೇವೆ. ಇಂತಹ ತಾಲ್ಲೂಕಿನಲ್ಲಿ ಇಷ್ಟು ಕೆರೆಗಳಿವೆ, ಇಂತಹ ರಸ್ತೆಯ ಬಳಿ ಇಷ್ಟು ಶಾಲೆಗಳಿವೆ ಎಂಬ ಅಂಕಿಗಳು ವರದಿಗಳಲ್ಲಿ ಬರುತ್ತವೆ. ಎಣಿಸಿದ ಬಗೆ ಎಷ್ಟೋ ಸಲ ಬರುವುದಿಲ್ಲ. ಇದು ಸಲ್ಲದೆಂಬುದೇ ನನ್ನ ವಾದ.

ವಿಷಯವನ್ನು ಸ್ವಲ್ಪ ವಿವರಿಸಬೇಕು. ಇಂದು ಅನೇಕ ಸಂಸ್ಥೆಗಳು ತಮ್ಮ ಭೂಪಟಗಳನ್ನು ಅಂತರ್ಜಾಲದಲ್ಲಿ ‘ಫೀಚರ್ ಸರ್ವಿಸ್’ ಎಂಬ ರೂಪದಲ್ಲಿ ಇಟ್ಟಿವೆ. ಇದು ಕೇವಲ ಚಿತ್ರವಲ್ಲ. ಕೆರೆ, ರಸ್ತೆ, ಗ್ರಾಮ ಮೊದಲಾದ ಒಂದೊಂದು ವಸ್ತುವಿನ ಆಕಾರವನ್ನೂ ಗುಣಗಳನ್ನೂ ಬರೆದಿಟ್ಟ ಕಡತ. ಅದರಲ್ಲಿ ಲಕ್ಷಗಟ್ಟಲೆ ದಾಖಲೆಗಳಿರಬಹುದು. ಅಷ್ಟನ್ನೂ ತರಿಸಿಕೊಳ್ಳುವ ಬದಲು, ನಮಗೆ ಬೇಕಾದ ಪ್ರದೇಶದ ಆಕಾರವನ್ನು ದೂರದ ಯಂತ್ರಕ್ಕೆ ತಿಳಿಸಿ, ಅದಕ್ಕೆ ಸಂಬಂಧಪಟ್ಟವನ್ನು ಮಾತ್ರ ಕೇಳಬಹುದು. ಇದೇ ಸ್ಥಳದ ಜರಡಿ. ಪೈಥಾನ್ ಭಾಷೆಯಲ್ಲಿ ಈ ಪ್ರಶ್ನೆಯನ್ನು ಕೆಲವೇ ಸಾಲುಗಳಲ್ಲಿ ಬರೆದುಬಿಡಬಹುದು. ಆದರೆ ಆ ಸಾಲುಗಳಲ್ಲಿ ನಾಲ್ಕು ನಿರ್ಧಾರಗಳು ಅಡಗಿರುತ್ತವೆ.

ಮೊದಲನೆಯದು ಆಕಾರ. ನಾಲ್ಕೇ ಸಂಖ್ಯೆಗಳಿಂದ ಹೇಳಬಹುದಾದುದರಿಂದ ಆಯತವೇ ಎಲ್ಲರಿಗೂ ಅನುಕೂಲ. ಕರ್ನಾಟಕವು ಸುಮಾರು 11.5ರಿಂದ 18.5 ಡಿಗ್ರಿ ಉತ್ತರ ಅಕ್ಷಾಂಶ, 74ರಿಂದ 78.5 ಡಿಗ್ರಿ ಪೂರ್ವ ರೇಖಾಂಶಗಳ ನಡುವೆ ಇದೆಯೆಂದು ಪಾಠಪುಸ್ತಕಗಳು ಹೇಳುತ್ತವೆ. ಈ ಆಯತದ ವಿಸ್ತೀರ್ಣವನ್ನು ವಾಚಕರೇ ಲೆಕ್ಕಹಾಕಿ ನೋಡಬಹುದು: ಸುಮಾರು 3,75,000 ಚದರ ಕಿಲೋಮೀಟರು. ರಾಜ್ಯದ ವಿಸ್ತೀರ್ಣವಾದರೋ 1,91,791 ಚದರ ಕಿಲೋಮೀಟರು. ಅಂದರೆ ಜರಡಿಯಲ್ಲಿ ಉಳಿದುದರ ಹೆಚ್ಚುಕಡಮೆ ಅರ್ಧ ಭಾಗ ಕರ್ನಾಟಕವೇ ಅಲ್ಲ. ಕೊಲ್ಲಾಪುರ, ಕಣ್ಣೂರು, ಅನಂತಪುರ ಇವೆಲ್ಲ ಒಳಗೆ ಬರುತ್ತವೆ. ಹೈದರಾಬಾದಿನ ಚಾರ್‌ಮಿನಾರ್ ಕೂಡ ಬರುತ್ತದೆ! ಆಯತವನ್ನು ಬಳಸುವುದೇ ತಪ್ಪೆಂದಲ್ಲ. ಆಂಟೊನಿನ್ ಗಟ್ಮನ್ 1984ರಲ್ಲಿ ಪ್ರಕಟಿಸಿದ ‘ಆರ್-ಟ್ರೀ’ ಎಂಬ ಸೂಚಿಯು ಆಯತಗಳನ್ನೇ ಆಧರಿಸಿ ಹುಡುಕಾಟವನ್ನು ಶೀಘ್ರಗೊಳಿಸುತ್ತದೆ. ಆದರೆ ಅದು ಮೊದಲ ಹಂತ ಮಾತ್ರ. ಬಳಿಕ ನಿಜವಾದ ಗಡಿಯೊಡನೆ ಮತ್ತೊಮ್ಮೆ ಸೋಸಬೇಕು. ಪೈಥಾನಿನ ‘ಜಿಯೋಪಾಂಡಾಸ್’ ಈ ಕೆಲಸಕ್ಕೆ ಸಾಕು.

ಎರಡನೆಯದು ಸಂಬಂಧ. ಗಡಿಯೊಳಗೆ ಪೂರ್ಣವಾಗಿರುವ ವಸ್ತುಗಳು ಬೇಕೆ, ಗಡಿಯನ್ನು ಎಲ್ಲಿಯಾದರೂ ಸೋಕಿದವೂ ಬೇಕೆ? ನದಿಯೊಂದನ್ನು ಒಂದೇ ರೇಖೆಯಾಗಿ ದಾಖಲಿಸಿದ ಭೂಪಟವನ್ನು ತೆಗೆದುಕೊಳ್ಳೋಣ. ‘ಪೂರ್ಣವಾಗಿ ಒಳಗಿರುವ’ ನದಿಗಳನ್ನು ಕೇಳಿದರೆ ಕರ್ನಾಟಕದ ಪಟ್ಟಿಯಲ್ಲಿ ಕಾವೇರಿ ಇರುವುದಿಲ್ಲ, ಕೃಷ್ಣೆಯೂ ಇರುವುದಿಲ್ಲ. ‘ಸೋಕುವ’ ನದಿಗಳನ್ನು ಕೇಳಿದರೆ ಎರಡೂ ಬರುತ್ತವೆ. ಆದರೆ ಕಾವೇರಿಯ ಉದ್ದಕ್ಕೆ ತಮಿಳುನಾಡಿನ ಭಾಗವೂ ಸೇರಿಕೊಳ್ಳುತ್ತದೆ. ಎರಡು ಉತ್ತರಗಳೂ ಯಂತ್ರದ ದೃಷ್ಟಿಯಿಂದ ಸರಿಯೇ. ಪ್ರಶ್ನೆ ಯಾವುದಾಗಿತ್ತೆಂದು ತಿಳಿಯದವನಿಗೆ ಎರಡೂ ನಿಷ್ಪ್ರಯೋಜಕ.

ಮೂರನೆಯದು ನಿರ್ದೇಶಾಂಕ ಪದ್ಧತಿ. ಬೆಂಗಳೂರಿನ ಸ್ಥಾನವನ್ನು 77.6, 12.97 ಎಂದು ಡಿಗ್ರಿಗಳಲ್ಲಿ ಬರೆಯುತ್ತೇವೆ. ಅನೇಕ ಸೇವೆಗಳು ಮೀಟರುಗಳಲ್ಲಿ ಎಣಿಸುವ ‘ವೆಬ್ ಮರ್ಕೇಟರ್’ ಪದ್ಧತಿಯಲ್ಲಿರುತ್ತವೆ. ನಮ್ಮ ಪದ್ಧತಿಯನ್ನು ತಿಳಿಸದೆ ಹೋದರೆ, ಅಂತಹ ಯಂತ್ರವು ಅವನ್ನು ಮೀಟರುಗಳೆಂದೇ ಭಾವಿಸಿ, ಆಫ್ರಿಕದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ನೀರಿನಲ್ಲಿ ಬೆಂಗಳೂರನ್ನು ಹುಡುಕುತ್ತದೆ. ಉತ್ತರ ಶೂನ್ಯ. ‘ಇಲ್ಲಿ ಕೆರೆಗಳೇ ಇಲ್ಲ’ ಎಂದು ಯಾರಾದರೂ ಬರೆದುಕೊಂಡರೆ ಆಶ್ಚರ್ಯವೇನು?

ನಾಲ್ಕನೆಯದು ಮಿತಿ, ಕಣ್ಣಿಗೆ ಬೀಳದಿರುವುದರಿಂದ ಇದೇ ಹೆಚ್ಚು ಅಪಾಯಕರ. ಅನೇಕ ಸೇವೆಗಳು ಒಂದು ಪ್ರಶ್ನೆಗೆ 1000 ಅಥವಾ 2000 ದಾಖಲೆಗಳಿಗಿಂತ ಹೆಚ್ಚು ಕೊಡುವುದಿಲ್ಲ. ಇನ್ನೂ ಉಳಿದಿವೆಯೆಂಬ ಸೂಚನೆಯೊಂದು ಉತ್ತರದ ಜೊತೆಗೆ ಬರುತ್ತದೆ. ಓದದಿದ್ದರೆ ಅದು ಇದ್ದೂ ಇಲ್ಲದಂತೆ. ಆದುದರಿಂದ ಒಟ್ಟು ಸಂಖ್ಯೆಯನ್ನು ಮೊದಲು ಕೇಳಿ, ಅನಂತರ ದಾಖಲೆಗಳನ್ನು ಕಂತುಕಂತಾಗಿ ತರಿಸಿಕೊಳ್ಳುವುದು ಯುಕ್ತ.

ಇಷ್ಟೆಲ್ಲ ವಿವರ ಸಾಮಾನ್ಯ ವಾಚಕನಿಗೇಕೆ ಎಂದು ಕೆಲವರು ಕೇಳಬಹುದು. ಅವನಿಗೆ ಪೈಥಾನ್ ಬೇಕಿಲ್ಲ, ನಿಜ. ಆದರೆ ಹೊಸ ಶಾಲೆ ಎಲ್ಲಿ ಬೇಕು, ಯಾವ ಕೆರೆಯ ಹೂಳು ತೆಗೆಯಬೇಕು ಎಂಬ ನಿರ್ಣಯಗಳು ಇಂತಹ ಅಂಕಿಗಳನ್ನು ಅವಲಂಬಿಸಿದಾಗ, ಅವನ್ನು ಪರೀಕ್ಷಿಸುವ ಹಕ್ಕು ಆ ಊರಿನವರಿಗೆ ಇರಲೇಬೇಕು. ಕ್ರಮವನ್ನು ಮುಚ್ಚಿಟ್ಟ ಅಂಕಿಯನ್ನು ನಂಬಬಹುದೇ ಹೊರತು ಪರೀಕ್ಷಿಸಲಾಗದು. ವಿಜ್ಞಾನವು ಇಂತಹ ನಂಬಿಕೆಯ ಮೇಲೆ ನಿಲ್ಲತಕ್ಕದ್ದಲ್ಲ.

ಇದಕ್ಕೆ ಬೇಕಾದುದು ದೊಡ್ಡ ಖರ್ಚಲ್ಲ, ಅಂಕಿಯ ಕೆಳಗೆ ಒಂದೇ ವಾಕ್ಯ: ಯಾವ ಗಡಿ, ಯಾವ ಸಂಬಂಧ, ಯಾವ ನಿರ್ದೇಶಾಂಕ ಪದ್ಧತಿ, ದಾಖಲೆಗಳು ಪೂರ್ಣವೆ, ಯಾವ ದಿನ ತೆಗೆದದ್ದು. ಕಾಲೇಜುಗಳಲ್ಲಿ ಪೈಥಾನ್ ಕಲಿಸುವವರು ಈ ವಾಕ್ಯವಿಲ್ಲದ ಉತ್ತರಕ್ಕೆ ಅಂಕ ಕೊಡದಿರಲಿ. ವರದಿಗಳನ್ನು ಪ್ರಕಟಿಸುವವರೂ ಅದನ್ನು ಕೇಳಿ ಪಡೆಯಲಿ. ಅಭ್ಯಾಸ ತರಗತಿಯಲ್ಲಿ ಬೇರೂರಿದರೆ ಕಚೇರಿಗೂ ಹಬ್ಬಲು ಬಹಳ ಕಾಲ ಹಿಡಿಯದು.