ಕೆಂಪು ಪಟ್ಟಿ ಕೊಡಲಿಗೆ ಪರವಾನಗಿಯಲ್ಲ

ಮಲೆನಾಡಿನ ಕಾಡಿನೊಳಗೆ ಹೊಸ ರಸ್ತೆಯೋ ವಿದ್ಯುತ್ ಮಾರ್ಗವೋ ಬರುವುದೆಂದಾಗ ಅದರ ಪರ ವಕಾಲತ್ತು ವಹಿಸುವವರ ಬಾಯಲ್ಲಿ ಒಂದು ವಾದ ಸಿದ್ಧವಾಗಿರುತ್ತದೆ: ‘ಇಲ್ಲಿನ ಹೆಚ್ಚಿನ ಹಕ್ಕಿಗಳು ಅಳಿವಿನಂಚಿನ ಪಟ್ಟಿಯಲ್ಲಿಲ್ಲ, ಆದ್ದರಿಂದ ಹಾನಿಯಿಲ್ಲ.’ ಕೇಳಲು ವಿಜ್ಞಾನದಂತಿರುವ ಈ ಮಾತು ವಿಜ್ಞಾನಕ್ಕೆ ಬಗೆಯುವ ದ್ರೋಹ.

1964ರಲ್ಲಿ ಆರಂಭವಾದ ಐಯುಸಿಎನ್ ಕೆಂಪು ಪಟ್ಟಿ ಅಳಿವಿನ ಅಪಾಯವನ್ನು ಅಳೆಯುವ ಕೋಲು. ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ದೀರ್ಘವೋ ಆ ಅವಧಿಯಲ್ಲಿ ಸಂಖ್ಯೆ ಎಷ್ಟು ಕುಸಿಯಿತು, ನೆಲೆ ಎಷ್ಟು ಕಿರಿದಾಯಿತು, ಎಷ್ಟು ಜೀವಗಳು ಉಳಿದಿವೆ ಎಂಬುದನ್ನು ಅದು ಕೇಳುತ್ತದೆ. ಆದರೆ ಅದು ಅಳೆಯುವುದು ಇಡೀ ಜಗತ್ತಿನಲ್ಲಿ ಆ ಪ್ರಭೇದದ ಸ್ಥಿತಿಯನ್ನು. ಒಂದು ಕಣಿವೆಯ, ಒಂದು ದೇವರಕಾಡಿನ ಸ್ಥಿತಿಯನ್ನಲ್ಲ.

ಈ ಅಳತೆ ವ್ಯರ್ಥವೆಂದು ಇದರ ಅರ್ಥವಲ್ಲ. ಬಿಳಿಬೆನ್ನಿನ ರಣಹದ್ದು 2000ದಲ್ಲಿ ‘ತೀವ್ರ ಅಪಾಯ’ದ ವರ್ಗಕ್ಕೆ ಸೇರಿತು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧವೇ ಹದ್ದುಗಳನ್ನು ಕೊಲ್ಲುತ್ತಿದೆಯೆಂದು 2004ರಲ್ಲಿ ಸಾಬೀತಾಯಿತು. 2006ರಲ್ಲಿ ಭಾರತ ಅದರ ಪಶುವೈದ್ಯಕೀಯ ತಯಾರಿಕೆಯನ್ನು ನಿಷೇಧಿಸಿತು. ಅಷ್ಟರಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಹದ್ದುಗಳು ಇಲ್ಲವಾಗಿದ್ದವು. ಅಳತೆ ದಾರಿ ತೋರಿತು, ಆದರೆ ತಡವಾಗಿ.

ಮಂಗಟ್ಟೆಗಳ ಕಥೆಯೂ ಇದೇ. ಪಶ್ಚಿಮಘಟ್ಟಗಳನ್ನು ಬಿಟ್ಟು ಬೇರೆಲ್ಲೂ ಇಲ್ಲದ ಮಲಬಾರ್ ಬೂದು ಮಂಗಟ್ಟೆ 2020ರವರೆಗೆ ‘ಕಡಿಮೆ ಆತಂಕ’ದ ವರ್ಗದಲ್ಲಿತ್ತು; ಆ ವರ್ಷ ಅಪಾಯಕ್ಕೀಡಾದವುಗಳ ಸಾಲಿಗೆ ಬಂತು. ದೊಡ್ಡ ಮಂಗಟ್ಟೆ 2018ರಲ್ಲೇ ಬಂದಿತ್ತು. ಹಕ್ಕಿಗಳಿಗೆ ಕಷ್ಟ ಬಂದುದು ಆ ದಿನವಲ್ಲ. ಕಷ್ಟ ಮೊದಲೇ ಇತ್ತು, ಲೆಕ್ಕ ಅನಂತರ ಬಂತು. ಮಂಗಟ್ಟೆ ತಾನಾಗಿ ಮರ ಕೊರೆಯಲಾರದು. ಹಳೆಯ ಹೆಮ್ಮರದ ಪೊಟರೆಯೇ ಅದಕ್ಕೆ ಬಾಣಂತಿಕೋಣೆ. ಹೆಣ್ಣು ಒಳಗೆ ಸೇರಿ ಬಾಗಿಲು ಮೆತ್ತಿಕೊಂಡರೆ ಗಂಡೇ ಆಲ, ಅತ್ತಿ, ಬಸರಿಯ ಹಣ್ಣು ತಂದು ಸಾಕಬೇಕು. ಆ ಮರಗಳನ್ನು ಕಡಿದ ಮೇಲೂ ದೀರ್ಘಾಯುಷಿಯಾದ ಹಕ್ಕಿ ಕೆಲಕಾಲ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ‘ಇನ್ನೂ ಇದೆಯಲ್ಲ’ ಎನ್ನುವವನಿಗೆ ಮರಿಗಳಿಲ್ಲದ ಮುಪ್ಪು ಕಾಣುವುದಿಲ್ಲ.

‘ಭಾರತದ ಹಕ್ಕಿಗಳ ಸ್ಥಿತಿ’ ಎಂಬ 2023ರ ವರದಿ 942 ಪ್ರಭೇದಗಳನ್ನು ಪರಿಶೀಲಿಸಿತು. ದೀರ್ಘಕಾಲದ ಏರಿಳಿತ ಹೇಳಲು ಸಾಕಷ್ಟು ಮಾಹಿತಿ ದೊರೆತದ್ದು 338ಕ್ಕೆ ಮಾತ್ರ. ಅವುಗಳಲ್ಲಿ 204 ಕುಸಿದಿವೆ, 98 ಸ್ಥಿರವಾಗಿವೆ, ಹೆಚ್ಚಿದವು ಕೇವಲ 36. ಉಳಿದ 604ರ ಬಗ್ಗೆ ಲೆಕ್ಕವೇ ಇಲ್ಲ. ಲೆಕ್ಕವಿಲ್ಲದಿರುವುದನ್ನು ಕ್ಷೇಮವೆಂದು ಸಾರುವವರು ಜ್ವರ ನೋಡದೆಯೇ ರೋಗಿಯನ್ನು ಮನೆಗೆ ಕಳಿಸುವ ವೈದ್ಯರು.

ಆ ವರದಿಗೆ ಆಧಾರವಾದದ್ದು ಮೂವತ್ತು ಸಾವಿರಕ್ಕೂ ಹೆಚ್ಚು ಹಕ್ಕಿವೀಕ್ಷಕರ ದಾಖಲೆಗಳು. ಅಂದರೆ ಅಳತೆಕೋಲು ದೂರದ ಕಚೇರಿಯ ಸ್ವತ್ತಲ್ಲ. 2002ರ ಜೀವವೈವಿಧ್ಯ ಕಾಯಿದೆ ಪ್ರತಿ ಪಂಚಾಯತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು, ಜನತಾ ದಾಖಲಾತಿಯನ್ನು ವಿಧಿಸಿದೆ. ಯಾವ ಮರದಲ್ಲಿ ಯಾವ ವರ್ಷ ಮಂಗಟ್ಟೆ ಗೂಡು ಕಟ್ಟಿತು, ಯಾವ ವರ್ಷ ಕಟ್ಟಲಿಲ್ಲ ಎಂಬುದನ್ನು ಊರಿನ ಹಿರಿಯರೂ ಶಾಲೆಯ ಮಕ್ಕಳೂ ಸೇರಿ ಅಲ್ಲಿ ಬರೆಸಲಿ. ಕಡತದಲ್ಲಿ ಆ ಸಾಲುಗಳಿದ್ದರೆ, ‘ಇಲ್ಲಿ ಏನೂ ಇಲ್ಲ’ ಎಂಬ ಸುಳ್ಳನ್ನು ಗ್ರಾಮಸಭೆಯ ಎದುರು ಓದುವುದು ಅಷ್ಟು ಸುಲಭವಾಗದು.