ಹಂಚಿಕೆಯ ಗಣಕ ವ್ಯವಸ್ಥೆಯಲ್ಲಿ ಅರ್ಜಿಯ ಸರದಿ: ಒಂದು ವಿಶ್ಲೇಷಣೆ

ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯ ರೈತ ಕುಟುಂಬವೊಂದು ಪೌತಿ ಖಾತೆಗೆ ಅರ್ಜಿ ಸಲ್ಲಿಸಿದಾಗ, ಅದು ರಾಜ್ಯದ ಎಲ್ಲ ತಾಲ್ಲೂಕುಗಳ ಅರ್ಜಿಗಳೂ ಸೇರುವ ಒಂದೇ ಗಣಕ ವ್ಯವಸ್ಥೆಯನ್ನು ಪ್ರವೇಶಿಸುತ್ತದೆ. ಪಹಣಿ ವಾರಸುದಾರರ ಹೆಸರಿಗೆ ಬಾರದಿದ್ದಲ್ಲಿ ಬೆಳೆ ಸಾಲ ಪಡೆಯುವುದು ಕಷ್ಟ. ಆದುದರಿಂದ ಯಾವ ಅರ್ಜಿ ಮೊದಲು, ಯಾವುದು ನಂತರ ಎಂಬುದು ಕೇವಲ ತಾಂತ್ರಿಕ ವಿಷಯವಲ್ಲ.

ಭೂಮಿ ಯೋಜನೆಗೆ ಮುನ್ನ ದಾಖಲೆಗಳು ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದವು. ಸರದಿಯನ್ನು ನಿರ್ಧರಿಸುತ್ತಿದ್ದವರೂ ಬಹುಮಟ್ಟಿಗೆ ಅವರೇ. 2002ರ ವೇಳೆಗೆ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕೀಕರಿಸಲಾಯಿತು. ಹಕ್ಕು ಬದಲಾವಣೆಯ ಅರ್ಜಿಗಳಿಗೆ 'ಮೊದಲು ಬಂದವರಿಗೆ ಮೊದಲ ಆದ್ಯತೆ' ಎಂಬ ನಿಯಮವನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಯಿತು. ಸಿಬ್ಬಂದಿಯು ಬೆರಳಚ್ಚು ನೀಡಿದ ನಂತರವೇ ಯಂತ್ರವನ್ನು ಪ್ರವೇಶಿಸಬೇಕಿತ್ತು. ಪಹಣಿ ಕೇಂದ್ರದಲ್ಲಿ ಅರ್ಜಿದಾರರತ್ತ ಮುಖ ಮಾಡಿದ ಎರಡನೆಯ ಪರದೆಯನ್ನೂ ಇರಿಸಲಾಗಿತ್ತು. ಈ ಸಣ್ಣ ಏರ್ಪಾಡು ಜನರಲ್ಲಿ ಮೂಡಿಸಿದ ವಿಶ್ವಾಸವನ್ನು ಕಡಿಮೆ ಎಣಿಸಲಾಗದು.

ಆದರೆ ಆಗಮನದ ಕ್ರಮವೊಂದೇ ಸಾಲದು. ಪಹಣಿಯ ಪ್ರತಿ ನಿಮಿಷಗಳಲ್ಲಿ ಮುದ್ರಣವಾಗುತ್ತದೆ. ಹಕ್ಕು ಬದಲಾವಣೆಗೆ ಆಕ್ಷೇಪಣೆ ಸಲ್ಲಿಸಲು ಯೋಜನೆಯ ಆರಂಭದ ದಿನಗಳಲ್ಲಿ 30 ದಿನಗಳ ಅವಧಿಯಿತ್ತು. ಇವೆರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಸಣ್ಣ ಕೆಲಸವು ದೊಡ್ಡ ಕೆಲಸದ ಹಿಂದೆ ಸಿಲುಕುತ್ತದೆ. ತಕರಾರು ಬಂದ ಪ್ರಕರಣವು ಪ್ರತ್ಯೇಕ ವಿಚಾರಣೆಗೆ ಹೋಗದೆ ಸಾಲಿನ ಮುಂಭಾಗದಲ್ಲಿಯೇ ಉಳಿದರೆ ಹಿಂದಿನವರೆಲ್ಲರೂ ಕಾಯಬೇಕಾಗುತ್ತದೆ.

ವಿಜ್ಞಾನಿಗಳ ಗಣಕಯಂತ್ರಗಳಲ್ಲಿಯೂ ಇದೇ ಪ್ರಶ್ನೆ ಉದ್ಭವಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಲಾದ 3.3 ಪೆಟಾಫ್ಲಾಪ್ ಸಾಮರ್ಥ್ಯದ 'ಪರಮ್ ಪ್ರವೇಗ'ದಂತಹ ಸೂಪರ್ ಕಂಪ್ಯೂಟರುಗಳನ್ನು ಅನೇಕ ಸಂಶೋಧಕರು ಹಂಚಿಕೊಂಡು ಬಳಸುತ್ತಾರೆ. ಇಂತಹ ಯಂತ್ರಗಳಲ್ಲಿ ಎಷ್ಟು ಸಂಸ್ಕಾರಕಗಳು, ಎಷ್ಟು ಗಂಟೆ ಬೇಕೆಂಬುದನ್ನು ಬಳಕೆದಾರರು ಮುಂಚಿತವಾಗಿ ತಿಳಿಸತಕ್ಕದ್ದು. ದೊಡ್ಡ ಕೆಲಸಕ್ಕೆ ಸ್ಥಳ ತೆರವಾಗುವವರೆಗೆ, ಅದರ ಆರಂಭವು ತಡವಾಗದಂತೆ, ಸಣ್ಣ ಕೆಲಸಗಳನ್ನು ನಡುವೆ ನಡೆಸಲಾಗುತ್ತದೆ. ಇತ್ತೀಚೆಗೆ ಹೆಚ್ಚು ಬಳಸಿದವರ ಆದ್ಯತೆಯನ್ನು ಇಳಿಸುವ ಪದ್ಧತಿಯೂ ರೂಢಿಯಲ್ಲಿದೆ. ನಾಗರಿಕ ಸೇವೆಗಳಲ್ಲಿ ಈ ಕೊನೆಯ ಅಂಶಕ್ಕೆ ಇನ್ನೂ ಹೆಚ್ಚಿನ ಗಮನ ಅಗತ್ಯ: ನೂರಾರು ಅರ್ಜಿಗಳನ್ನು ಒಟ್ಟಿಗೆ ತರುವ ಮಧ್ಯವರ್ತಿಯೂ, ಒಂದೇ ಅರ್ಜಿಯ ರೈತರೂ ಸಮಾನ ಬಳಕೆದಾರರಲ್ಲ.

ಪ್ರವೇಶ ನೀತಿಯು ಸಡಿಲವಾದರೆ ಏನಾಗುತ್ತದೆಂಬುದಕ್ಕೆ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶವು ಉದಾಹರಣೆ. 2025ರ ಆರಂಭದಲ್ಲಿ ನಕಲಿ ಖಾತೆಗಳ ಮೂಲಕ ಬೇಡಿಕೆಗಳ ಮಹಾಪೂರವನ್ನು ಹರಿಸಲಾಗಿ, ನೋಂದಣಿ ಕಾರ್ಯಕ್ಕೆ ಅಡಚಣೆಯುಂಟಾಯಿತು. ಅಂದು ಕಚೇರಿಗೆ ಬಂದಿದ್ದ ನೈಜ ಅರ್ಜಿದಾರರ ಸರದಿಯು ಯಂತ್ರದೊಳಗೆ ಮುಂದೆ ಸಾಗಲಿಲ್ಲ. ಪ್ರತಿ ಖಾತೆಗೆ ಮಿತಿ ಹಾಗೂ ಗುರುತಿನ ದೃಢೀಕರಣಗಳು ಕಿರಿಕಿರಿ ಎನಿಸಿದರೂ ಅನಿವಾರ್ಯ.

ಇನ್ನೊಂದು ಸೂಕ್ಷ್ಮವಿದೆ. ಸರದಿಯನ್ನು ಯಂತ್ರವು ಕಾಯುತ್ತದೆಯಾದರೂ ಅರ್ಜಿಯನ್ನು ತಿರಸ್ಕರಿಸುವ ಅಧಿಕಾರ ಮನುಷ್ಯರ ಕೈಯಲ್ಲಿದೆ. ಕ್ಷುಲ್ಲಕ ಕೊರತೆಗಾಗಿ ಮುಂದಿನ ಅರ್ಜಿಯನ್ನು ತಿರಸ್ಕರಿಸಿದಲ್ಲಿ ಹಿಂದಿನದು ತಾನಾಗಿಯೇ ಮುಂದಕ್ಕೆ ಬರುತ್ತದೆ. ತಿರಸ್ಕೃತರು ಮತ್ತೆ ಅರ್ಜಿ ಸಲ್ಲಿಸಿ ಕೊನೆಯಲ್ಲಿ ನಿಲ್ಲಬೇಕಾಗುತ್ತದೆ. ನಿಯಮಪಾಲನೆಯ ಅಂಕಿಅಂಶಗಳಲ್ಲಿ ಇದು ದೋಷವಾಗಿ ಕಾಣುವುದಿಲ್ಲ.

ಆದ್ದರಿಂದ ಅರ್ಜಿದಾರರು ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಪಡೆಯತಕ್ಕದ್ದು. 2012ರ ಏಪ್ರಿಲ್ 2ರಿಂದ ರಾಜ್ಯಾದ್ಯಂತ ಜಾರಿಯಲ್ಲಿರುವ ಸಕಾಲ ಕಾಯ್ದೆಯ ಅಧಿಸೂಚಿತ ಸೇವೆಗಳಲ್ಲಿ, ತಿರಸ್ಕಾರವಾದರೂ ವಿಳಂಬವಾದರೂ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ ರೂ. 20ರಂತೆ, ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚಕ್ಕೆ ಅವಕಾಶವಿದೆ. ಇದಕ್ಕೆಲ್ಲ ಸ್ವೀಕೃತಿ ಪತ್ರದಲ್ಲಿ ಮುದ್ರಿತವಾಗಿರುವ ಸಕಾಲ ಸಂಖ್ಯೆಯೇ ಆಧಾರವಾದುದರಿಂದ, ಸದರಿ ಪತ್ರವನ್ನು ಪಡೆಯದೆ ಕಚೇರಿಯಿಂದ ತೆರಳಬಾರದು.